ತೊಟ್ಟು ಮುರಿದವರು ಯಾರು

ರಾಣೆಬೆನ್ನೂರಿನ ಕಾಲೇಜಿನಲ್ಲಿ ನಾನು ಇತಿಹಾಸ ಹೇಳಿಕೊಟ್ಟ ಅಷ್ಟೂ ವರ್ಷ ಒಂದು ಪಾಠ ಬಂದಾಗ ನನ್ನ ಮನಸ್ಸು ಸ್ವಸ್ಥ ಇರುತ್ತಿರಲಿಲ್ಲ. ದೊಡ್ಡ ಯುದ್ಧದಲ್ಲಿ ಸೋತ ದೇಶವೊಂದು ಅರಸನನ್ನು ಕಳಿಸಿ ಹೊಸದಾಗಿ ಮತ ಹಾಕಲು ಕಲಿಯುತ್ತದೆ. ಕಲಿತು ಇನ್ನೂ ರೂಢಿಯಾಗಿಲ್ಲ, ಅಷ್ಟರಲ್ಲೇ ಒಬ್ಬನ ಕೈಗೆ ಎಲ್ಲವನ್ನೂ ಒಪ್ಪಿಸಿ ಕೂತುಬಿಡುತ್ತದೆ. ಪಾಠ ಮುಗಿಯುವ ಹೊತ್ತಿಗೆ ಹಿಂದಿನ ಬೆಂಚಿನಿಂದ ಯಾರಾದರೊಬ್ಬರು ಕೇಳಿಯೇ ಕೇಳುತ್ತಿದ್ದರು:

“ಮೇಡಂ, ಅವರೆಲ್ಲಾ ಹುಚ್ಚರಿದ್ರೇನ್ರಿ?”

ನನಗೆ ಸಿಟ್ಟು ನೆತ್ತಿಗೇರುತ್ತಿತ್ತು. ಪ್ರಶ್ನೆಯೇನೋ ಸರಿಯಾದದ್ದೇ. ಆದರೆ ಅದು ನಮ್ಮ ಮನೆಯವರನ್ನು ಹುಚ್ಚರೆಂದ ಹಾಗೆ ಕೇಳಿಸುತ್ತಿತ್ತು. ಪುಸ್ತಕದಲ್ಲಿದ್ದ ಕಾರಣಗಳನ್ನು ಬೋರ್ಡಿನ ಮೇಲೆ ಬರೆದು, ಇವು ಪರೀಕ್ಷೆಗೆ ಬರುತ್ತವೆ ನೋಡಿಕೊಳ್ಳಿ ಎಂದು ಹೇಳಿ ಹೊರಗೆ ಬಂದುಬಿಡುತ್ತಿದ್ದೆ. ಪರೀಕ್ಷೆಗೆ ಬಾರದ ಉತ್ತರವೊಂದು ಬ್ಯಾಡಗಿಯ ನಮ್ಮ ಹಳೆಯ ಮನೆಯ ಅಡುಗೆಮನೆಯಲ್ಲಿತ್ತು. ನಾನು ಅದನ್ನು ಕಣ್ಣಾರೆ ಕಂಡಾಗ ಕನ್ನಡ ಶಾಲೆಯಲ್ಲಿ ಓದುತ್ತಿದ್ದೆ.

ನಮ್ಮದು ಮೆಣಸಿನಕಾಯಿ ಅಡತಿಯ, ಎಂದರೆ ರೈತರ ಮಾಲು ಮಾರಿಕೊಡುವ ದಲಾಲಿಯ ಮನೆ. ಪೇಟೆಯಲ್ಲಿ ಅಂಗಡಿ, ಮನೆಯ ಮಾಳಿಗೆಯ ಮೇಲೆ ಒಣಹಾಕಿದ ಕಾಯಿ, ಅಟ್ಟದಲ್ಲಿ ಚೀಲ, ಮಂಚದ ಕೆಳಗೂ ಚೀಲ. ಹೊಸಬರು ಹೊಸ್ತಿಲು ದಾಟಿದ ಕೂಡಲೇ ಸೀನುತ್ತಿದ್ದರು, ನಾವು ಸೀನುತ್ತಿರಲಿಲ್ಲ. ಮದುವೆಯಾಗಿ ಬಂದ ಸೊಸೆ ಸೀನುವುದನ್ನು ಬಿಟ್ಟ ದಿನವೇ ಅವಳು ಈ ಮನೆಯವಳಾದಳೆಂದು ಆಯಿ, ಅಂದರೆ ಅಪ್ಪನ ಅವ್ವ, ಲೆಕ್ಕ ಹಿಡಿಯುತ್ತಿದ್ದಳು. ಪಡಸಾಲೆಯಲ್ಲಿ ಅಜ್ಜನ ಮಂಚ. ಅವನು ಕೆಮ್ಮಿದರೆ ನೀರು, ಎರಡು ಸಲ ಕೆಮ್ಮಿದರೆ ಚಹಾ, ಏನೂ ಮಾಡದೆ ಸುಮ್ಮನೆ ಬಾಗಿಲ ಕಡೆ ನೋಡಿದರೆ ಒಳಗೆ ಯಾರದೋ ದನಿ ಜೋರಾಗಿದೆ ಎಂದರ್ಥ. ಯಾವ ಪಲ್ಯ ಆಗಬೇಕು, ಯಾವ ಸೊಸೆ ಯಾವಾಗ ತವರಿಗೆ ಹೋಗಬೇಕು, ಯಾವ ಮಗ ಅಂಗಡಿಯಲ್ಲಿ ಕೂಡಬೇಕು, ಎಲ್ಲವೂ ಆ ಮಂಚದಿಂದಲೇ ಇಳಿದು ಬರುತ್ತಿತ್ತು. ಅವ್ವ ಹಾವೇರಿಯ ತನ್ನ ತವರಿಗೆ ಹೋಗಬೇಕಾದರೆ ಮೊದಲು ಆಯಿಗೆ ಹೇಳಿ, ಆಯಿ ಅಜ್ಜನ ಊಟದ ಹೊತ್ತಿಗೆ ಮಾತು ತೆಗೆದು, ಅಜ್ಜ ರೊಟ್ಟಿಯ ಕೊನೆಯ ತುತ್ತು ನುಂಗಿ “ಹೂಂ” ಎನ್ನುವವರೆಗೆ ಬಾಗಿಲ ಹಿಂದೆ ನಿಂತಿರುತ್ತಿದ್ದಳು.

ಈ ಅಜ್ಜನಿಗೆ ಒಂದು ಯುದ್ಧವಿತ್ತು. ನಮ್ಮ ಮನೆಗೂ ಪಕ್ಕದ ದಾಯಾದಿಗಳ ಮನೆಗೂ ನಡುವಿನ ಸಂದಿಯಲ್ಲಿ ಒಂದು ಹಗೇವು ಇತ್ತು. ಹಿಂದಿನ ಕಾಲದಲ್ಲಿ ಜೋಳ ತುಂಬಿ ಮೇಲೆ ಕಲ್ಲು ಮುಚ್ಚಿಡುತ್ತಿದ್ದ ನೆಲದೊಳಗಿನ ಕಣಜ. ನಾನು ಹುಟ್ಟುವ ಎಷ್ಟೋ ಮೊದಲಿನಿಂದ ಅದರಲ್ಲಿ ಒಂದು ಕಾಳೂ ಇರಲಿಲ್ಲ. ಕಲ್ಲಿನ ಮೇಲೆ ಆಯಿ ಶ್ಯಾವಿಗೆ ಒಣಹಾಕುತ್ತಿದ್ದಳು, ಅಷ್ಟೆ. ಆದರೆ ಅದು ನಮ್ಮದೋ ಅವರದೋ ಎಂದು ಹಾವೇರಿಯ ಕೋರ್ಟಿನಲ್ಲಿ ವ್ಯಾಜ್ಯ ನಡೆದಿತ್ತು. ತಾರೀಖು ಇದ್ದ ದಿನ ಅಜ್ಜ ಕೋಟು ಹಾಕಿಕೊಂಡು, ದೊಡ್ಡಪ್ಪನನ್ನು ಜೊತೆಗೆ ಕರೆದುಕೊಂಡು ಹೋಗುತ್ತಿದ್ದ. ಬಂದ ಮೇಲೆ “ನಾವ ಗೆಲ್ಲತೀವಿ” ಎಂದಷ್ಟೇ ಹೇಳಿ ಕಾಲು ತೊಳೆಯುತ್ತಿದ್ದ. ದಾಯಾದಿಗಳ ಮನೆಯ ಹುಡುಗಿಯೊಬ್ಬಳು ನನ್ನ ತರಗತಿಯಲ್ಲೇ ಇದ್ದಳು. ಶಾಲೆಯಲ್ಲಿ ಒಂದೇ ಪೇರಲ ಹಣ್ಣನ್ನು ಕಚ್ಚಿ ತಿಂದು, ಓಣಿಯ ತಿರುವಿಗೆ ಬಂದ ಕೂಡಲೇ ಮುಖ ತಿರುಗಿಸಿಕೊಂಡು ಬೇರೆ ಬೇರೆ ನಡೆಯುತ್ತಿದ್ದೆವು. ಖಾಲಿ ಗುಂಡಿಗೆ ಇಷ್ಟು ಯಾಕೆ ಎಂದು ಕೇಳುವ ಬುದ್ಧಿ ಮನೆಯಲ್ಲಿ ಯಾರಿಗೂ ಇರಲಿಲ್ಲ, ಇದ್ದವರಿಗೆ ಬಾಯಿ ಇರಲಿಲ್ಲ.

ಒಂದು ತಾರೀಖಿನಿಂದ ಮರಳಿದ ಅಜ್ಜ ಏನೂ ಹೇಳಲಿಲ್ಲ. ಮರುದಿನ ಬೆಳಿಗ್ಗೆ ಎಲ್ಲರನ್ನೂ ಪಡಸಾಲೆಗೆ ಕರೆಸಿದ. ಹೆಂಗಸರು ನಡುಮನೆಯ ಬಾಗಿಲಲ್ಲಿ ನಿಂತರು.

“ಇನ್ನ ಮ್ಯಾಲೆ ಈ ಮನ್ಯಾಗ ನನ್ನೊಬ್ಬನ ಮಾತ ನಡಿಯೂದು ಸಾಕು. ಕಾಲ ಬದಲಾಗೇತಿ. ಏನ ಮಾಡೂದಿದ್ರೂ ಎಲ್ಲಾರೂ ಕೂಡಿ ಮಾಡ್ರಿ. ಹೆಣಮಕ್ಕಳನ್ನೂ ಕೇಳ್ರಿ.”

“ಮಾವಾರಿಗೆ ಮೈಯಾಗ ಆರಾಮಿಲ್ಲೇನ ಮತ್ತ?” ಎಂದು ದೊಡ್ಡವ್ವ ಅವ್ವನ ಕಿವಿಯಲ್ಲಿ ಕೇಳಿದ್ದು ನನಗೂ ಕೇಳಿಸಿತು.

ಆರಾಮ ಇತ್ತು. ಹಿಂದಿನ ದಿನ ವಕೀಲರು, ಹಗೇವು ಹೋಯಿತೆಂದೇ ತಿಳಿಯಿರಿ, ತೀರ್ಪು ಬರುವ ಮೊದಲು ರಾಜಿಯಾದರೆ ಬಚ್ಚಲ ನೀರು ಹೋಗುವ ದಾರಿಯಾದರೂ ಉಳಿದೀತು ಎಂದು ಅಜ್ಜನಿಗೂ ದೊಡ್ಡಪ್ಪನಿಗೂ ಸ್ಪಷ್ಟವಾಗಿ ಹೇಳಿದ್ದರು. ಇದು ನಮಗೆ ಗೊತ್ತಾದದ್ದು ಎಲ್ಲ ಮುಗಿದ ಎಷ್ಟೋ ಕಾಲದ ಮೇಲೆ, ಆ ವಕೀಲರೇ ಅಪ್ಪನಿಗೆ ಹೇಳಿದಾಗ. ಹೇಗೂ ಸೋಲು ಬಾಗಿಲಿಗೆ ಬಂದಿತ್ತು. ಅದಕ್ಕೆ ಬಾಗಿಲು ತೆಗೆಯುವ ಕೈ ತನ್ನದಾಗಬಾರದು ಎಂದು ಅಜ್ಜ ನಮಗೆ ರಾಜ್ಯ ಕೊಟ್ಟ. ನಾವು ಅದನ್ನು ಹಬ್ಬದ ಹಾಗೆ ತೆಗೆದುಕೊಂಡೆವು.

ಮಂಡಲ ಪಂಚಾಯತಿ ಚುನಾವಣೆ ಆಗಿ ಇನ್ನೂ ಗೋಡೆಯ ಬರಹ ಅಳಿಸಿರಲಿಲ್ಲ. ಹಾಗಾಗಿ ಓಟು ಹಾಕೋಣ ಎಂದು ಅಪ್ಪ ಹೇಳಿದ. ಚೀಟಿ ಬರೆದರೆ ಅಕ್ಷರದ ಗುರುತು ಸಿಗುತ್ತದೆ, ಆಯಿಗೆ ಓದಲೂ ಬರುವುದಿಲ್ಲ. ಆಗ ಚಿಗವ್ವ ಉಪಾಯ ಹೇಳಿದಳು. ಚಿಗವ್ವ ಎಂದರೆ ಕಾಕಾನ ಹೆಂಡತಿ, ಹಲಗೇರಿಯ ಮಗಳು, ಬಂದು ಒಂದು ವರ್ಷವೂ ಆಗಿರಲಿಲ್ಲ. ಆಗಾಗ ಇನ್ನೂ ಸೀನುತ್ತಿದ್ದಳು. ಕಾಕಾ ಕುಮಾರಪಟ್ಟಣದ ಕಾರ್ಖಾನೆಯಲ್ಲಿ ಪಾಳಿಯ ಕೆಲಸ ಮಾಡಿಕೊಂಡು ರಜೆಗೆ ಮಾತ್ರ ಬರುತ್ತಿದ್ದ. ಅವಳ ಉಪಾಯ ಹೀಗಿತ್ತು: ಒಬ್ಬೊಬ್ಬರಿಗೆ ಒಂದೊಂದು ಒಣ ಮೆಣಸಿನಕಾಯಿ. ಒಬ್ಬೊಬ್ಬರೇ ಅಡುಗೆಮನೆಗೆ ಹೋಗಬೇಕು. ‘ಹೌದು’ ಎನ್ನುವವರು ತೊಟ್ಟಿದ್ದ ಹಾಗೆಯೇ ಕಾಯಿಯನ್ನು ಗಡಿಗೆಯೊಳಗೆ ಹಾಕಬೇಕು. ‘ಬ್ಯಾಡ’ ಎನ್ನುವವರು ತೊಟ್ಟು ಮುರಿದು ಒಲೆಗೆ ಎಸೆದು ಬರೀ ಕಾಯಿ ಹಾಕಬೇಕು. ಅಜ್ಜ ತಾನು ಹಾಕುವುದಿಲ್ಲ ಎಂದ. ಆಯಿ, ಮೂರು ಗಂಡುಮಕ್ಕಳು, ಮೂರು ಸೊಸೆಯರು ಸೇರಿ ಏಳು ಓಟು; ದೊಡ್ಡ ವಿಷಯವಿದ್ದರೆ ಕಾಕಾ ರಜೆಗೆ ಬರುವವರೆಗೆ ಕಾಯುವುದು. ನಮಗೂ ಬೇಕು ಎಂದು ನಾನು ಗಲಾಟೆ ಮಾಡಿದೆ. “ಮೀಸಿ ಬರಲಿ, ಆಮ್ಯಾಲೆ” ಎಂದ ದೊಡ್ಡಪ್ಪ, ನಾನು ಹುಡುಗಿ ಎನ್ನುವುದನ್ನೇ ಮರೆತು. ಮನೆಯೆಲ್ಲ ನಕ್ಕಿತು.

ಆ ಕೆಲವು ತಿಂಗಳಿನಷ್ಟು ಗದ್ದಲದ ಮನೆಯನ್ನು ನಾನು ಮತ್ತೆ ಕಂಡಿಲ್ಲ. ಝುಣಕವೋ ಬೇಳೆಯೋ ಎಂಬುದಕ್ಕೂ ಓಟು. ಹೆಂಗಸರೂ ಗಂಡಸರ ಪಂಕ್ತಿಯಲ್ಲೇ ಕೂತು ಬಿಸಿ ರೊಟ್ಟಿ ತಿನ್ನಬೇಕು ಎಂಬುದು ಪಾಸಾಯಿತು. ಆಗ ರೊಟ್ಟಿ ಬಡಿಯುವವರು ಯಾರು ಎಂಬ ಪ್ರಶ್ನೆ ಎದ್ದು ಆ ಠರಾವು ಎರಡೇ ದಿನಕ್ಕೆ ಬಿತ್ತು. ಬೀಜ ಉದುರಿದ ಗಡಿಗೆಯಲ್ಲಿ ತಪ್ಪಿ ಯಾರೋ ನೀರು ತುಂಬಿಟ್ಟು, ಊಟದ ಮಧ್ಯೆ ಎಲ್ಲರ ಗಂಟಲೂ ಉರಿದದ್ದೂ ಉಂಟು. ಅವ್ವ ಬಾಗಿಲ ಹಿಂದೆ ನಿಲ್ಲುವುದನ್ನು ಬಿಟ್ಟಳು. ತವರಿಗೆ ಹೋಗಬೇಕೆಂದರೆ ಪಡಸಾಲೆಗೇ ಬಂದು “ನಾ ನಾಳೆ ಹಾವೇರಿಗೆ ಹೊಂಟೇನಿ, ಯಾರದಾರ ತಕರಾರ ಐತೇನು?” ಎನ್ನುತ್ತಿದ್ದಳು. ಎಲ್ಲಕ್ಕಿಂತ ದೊಡ್ಡ ಗೆಲುವು ಚಿಗವ್ವನದು. ಅವಳು ಮಾಸ್ತರಿಕೆಯ ತರಬೇತಿ ಮುಗಿಸಿದವಳು. ಮೋಟೆಬೆನ್ನೂರಿನಲ್ಲಿ ಸಣ್ಣ ಮಕ್ಕಳ ಶಾಲೆಯೊಂದು ಶುರುವಾಗಿ, ಕಲಿಸುವವರು ಬೇಕಾಗಿದ್ದರು. ಅಡತಿ ಮನೆಯ ಸೊಸೆ ಬಸ್ಸು ಹತ್ತಿ ದುಡಿಯಲು ಹೋಗುವುದೇ ಎಂದು ದೊಡ್ಡಪ್ಪ, ದೊಡ್ಡವ್ವ ಮುಖ ಗಂಟಿಕ್ಕಿದರು. ಗಡಿಗೆ ಸುರಿದಾಗ ಐದು ಕಾಯಿಗೆ ತೊಟ್ಟಿತ್ತು. ಆಯಿಯೂ ಹೌದು ಎಂದಿದ್ದಳು ಎಂದಾಯಿತು! ಮರುವಾರದಿಂದ ಚಿಗವ್ವ ನೀಲಿ ಅಂಚಿನ ಸೀರೆ ಉಟ್ಟು, ಊಟದ ಡಬ್ಬಿ ಹಿಡಿದು ಬಸ್ ಸ್ಟ್ಯಾಂಡಿಗೆ ನಡೆದಳು. ಸಂಜೆ ಬಂದು ಮಕ್ಕಳ ಮಾತುಗಳನ್ನು ಅಭಿನಯಿಸಿ ತೋರಿಸುತ್ತಿದ್ದಳು. ಅವಳು ಒಲೆಯ ಮುಂದೆ ಇದ್ದಾಗಿನ ಮುಖ ಬೇರೆ, ಬಸ್ಸು ಇಳಿದಾಗಿನ ಮುಖವೇ ಬೇರೆ. ನನಗೂ ಹಾಗೆ ಆಗಬೇಕು ಅನಿಸಿದ್ದು ಆಗಲೇ.

ಆಮೇಲೆ ಅಜ್ಜ ಮಂಚದಿಂದ ಕೇಳಿದ:

“ಹಗೇವಿನ ವಿಚಾರ ಏನ ಮಾಡತೀರಿ? ಅವರು ರಾಜಿಗೆ ಬಂದಾರ. ವ್ಯಾಜ್ಯ ನಡಸಬೇಕೋ, ಬ್ಯಾಡೋ? ನೀವ ಹೇಳ್ರಿ.”

ದೊಡ್ಡಪ್ಪ ಎದ್ದು ನಿಂತು ಮಾತಾಡಿದ. ಹಿರಿಯರ ನೆಲ, ಮನೆತನದ ಮರ್ಯಾದೆ, ಗೇಣು ಬಿಟ್ಟರೆ ಮೊಳ ಹೋಗುತ್ತದೆ. ವಕೀಲರ ಮಾತು ಎದೆಯಲ್ಲಿಟ್ಟುಕೊಂಡೇ ಹಾಗೆ ಗುಡುಗಿದ. ಸುಳ್ಳು ಹೇಳುತ್ತಿದ್ದನೋ, ಹೇಳುತ್ತ ಹೇಳುತ್ತ ಅವನಿಗೇ ನಿಜವೆನಿಸಿತೋ, ನನಗೆ ಇವತ್ತಿಗೂ ತಿಳಿದಿಲ್ಲ. ಚಿಗವ್ವ ಮೆಲ್ಲಗೆ, “ಗೆದ್ದವ ಸೋತ, ಸೋತವ ಸತ್ತ ಅಂತಾರ ಕೋರ್ಟಿಗೆ. ಖಾಲಿ ಹಗೇವು ತಗೊಂಡ ಏನ ಮಾಡೋಣರಿ?” ಎಂದಳು. ಎಲ್ಲರ ಮನಸ್ಸಿನಲ್ಲಿದ್ದ ಮಾತು ಅದು. ಅದನ್ನು ಬಾಯಿಬಿಟ್ಟು ಹೇಳಿದವಳು ಅವಳೊಬ್ಬಳೇ, ಅದೇ ಅವಳಿಗೆ ಮುಳುವಾಯಿತು.

ಎಲ್ಲರೂ ಹಾಕಿ ಬಂದ ಮೇಲೆ ಎಣಿಸುವ ಕೆಲಸ ಎಂದಿನಂತೆ ಚಿಗವ್ವನದೇ. ಗಡಿಗೆಯನ್ನು ಪಡಸಾಲೆಗೆ ತಂದು ಮೊರದ ಮೇಲೆ ಬೋರಲು ಹಾಕಿದಳು. ತೊಟ್ಟಿದ್ದವು ಮೂರು. ತೊಟ್ಟಿಲ್ಲದವು ನಾಲ್ಕು. ವ್ಯಾಜ್ಯ ಬೇಡ ಎಂದಾಯಿತು. ಗಡಿಗೆಯನ್ನು ಕೊಡವಿದಾಗ ನಾಲ್ಕು ಬೀಜಗಳ ಜೊತೆ ಇನ್ನೊಂದು ವಸ್ತು ಮೊರಕ್ಕೆ ಬಿತ್ತು. ಒಂದು ಬಿಡಿ ತೊಟ್ಟು. ‘ಹೌದು’ ಎಂದು ಹಾಕಿದ ಕಾಯಿಯ ತೊಟ್ಟು ಬೀಳುವಾಗ ಮುರಿದಿತ್ತೆ? ಹಾಗಾದರೆ ವ್ಯಾಜ್ಯದ ಕಡೆಗೇ ನಾಲ್ಕಾಯಿತು. ಇಲ್ಲವೆ ‘ಬ್ಯಾಡ’ ಎಂದವರು ಯಾರೋ ತೊಟ್ಟನ್ನು ಒಲೆಗೆ ಎಸೆಯುವ ಬದಲು ಗಡಿಗೆಗೇ ಹಾಕಿದ್ದರೆ? ಹಾಗಾದರೆ ಲೆಕ್ಕ ಸರಿ. ಹುಟ್ಟಿದಾಗಿನಿಂದ ಮೆಣಸಿನಕಾಯಿಯ ನಡುವೆ ಬೆಳೆದ ಜನ. ಒಣಗಿದ ಕಾಯಿಯ ತೊಟ್ಟು ಮುಟ್ಟಿದರೆ ಮುರಿಯುತ್ತದೆ ಎನ್ನುವುದು ಆವತ್ತಿನವರೆಗೆ ಒಬ್ಬರಿಗೂ ಹೊಳೆದಿರಲಿಲ್ಲ.

“ಇನ್ನೊಮ್ಮೆ ಹಾಕೋಣು,” ಎಂದಳು ಚಿಗವ್ವನೇ.

“ಏನ ಬ್ಯಾಡ,” ಎಂದ ಅಜ್ಜ. “ಆಗಿದ್ದ ಆಗೇತಿ. ಮಂದಿ ಮಾತ ಆಗೇತಿ. ನಾ ಅಡ್ಡ ಬರಂಗಿಲ್ಲ.”

ಅಷ್ಟು ಬೇಗ ಅಜ್ಜ ಯಾವುದನ್ನೂ ಒಪ್ಪಿದ್ದನ್ನು ನಾವು ನೋಡಿರಲಿಲ್ಲ. ಕೋರ್ಟಿನ ಓಡಾಟ ತನ್ನಿಂದಾಗದೆಂದು ಅವನು ಮೊದಲೇ ಅಪ್ಪನ ಹೆಸರಿಗೆ ಮುಖತ್ಯಾರ ಕೊಟ್ಟಿದ್ದ. ಹಾವೇರಿಗೆ ಹೋಗಿ ರಾಜಿಗೆ ಸಹಿ ಮಾಡಿ ಬಂದವನು ಅಪ್ಪ. ಯುದ್ಧ ಹೂಡಿದವನ ಕೈಗೆ ಮಸಿ ಹತ್ತಲೇ ಇಲ್ಲ.

ದಾಯಾದಿಗಳು ಹಗೇವನ್ನು ಮಣ್ಣು ತುಂಬಿ ಮುಚ್ಚಿಸಿ, ಅದರ ಮೇಲೆಯೇ ಗೋಡೆ ಎಬ್ಬಿಸಿದರು. ಆ ಗೋಡೆ ಎಷ್ಟು ಎತ್ತರ ಹೋಯಿತೆಂದರೆ ನಮ್ಮ ಬಚ್ಚಲಲ್ಲಿ ಹಗಲೇ ದೀಪ ಹಚ್ಚಬೇಕಾಯಿತು. ಸ್ನಾನ ಮಾಡುವಾಗಲೆಲ್ಲ ಸೋಲು ಕಣ್ಣಿಗೆ ಬೀಳುತ್ತಿತ್ತು. ಅದೇ ವರ್ಷ ಕಾಯಿ ಒಣಗುವ ಹೊತ್ತಿಗೆ ಹೊತ್ತಲ್ಲದ ಹೊತ್ತಿನ ಮಳೆ ಹೊಡೆದು ಮಾಳಿಗೆಯ ಮೇಲಿನ ಮಾಲು ಕಪ್ಪಾಯಿತು. ಪೇಟೆಯಲ್ಲಿ ಎಲ್ಲರ ಮಾಲೂ ಕಪ್ಪಾಗಿತ್ತು. ಆದರೆ ನಮ್ಮ ಮನೆಯಲ್ಲಿ ಮಾತ್ರ ಅದಕ್ಕೂ ಓಟೇ ಕಾರಣವಾಯಿತು: ತಾಡಪತ್ರಿ ಹೊದಿಸುವುದೋ ಬೇಡವೋ ಎಂದು ಇವರು ಗಡಿಗೆ ಮುಂದೆ ಕೂತಿದ್ದರಂತೆ! ನಿಜವಾಗಿ ಮಳೆ ಬಂದಾಗ ಎಲ್ಲರೂ ಬಿದ್ದು ಎದ್ದು ಮಾಳಿಗೆಗೆ ಓಡಿದ್ದೆವು. ಮಾಲು ಹಾಳಾದ ಮೇಲೆ ನಿಜ ಯಾರಿಗೆ ಬೇಕು. ಊಟದ ಪಂಕ್ತಿ ಮುರಿಯಿತು. ಒಬ್ಬೊಬ್ಬರು ಒಂದೊಂದು ಹೊತ್ತಿಗೆ ಉಣ್ಣತೊಡಗಿದರು. ತಾಟು ಇಡುವ ಸದ್ದಿನಲ್ಲೇ ಜಗಳ ಕೇಳಿಸುತ್ತಿತ್ತು. ನನಗೆ ಮನೆಯಲ್ಲಿ ಕೂತರೆ ಕೂಡಲಾಗದು, ನಿಂತರೆ ನಿಲ್ಲಲಾಗದು. ಶಾಲೆ ಬಿಟ್ಟ ಮೇಲೆ ಬಸ್ ಸ್ಟ್ಯಾಂಡಿಗೆ ಹೋಗಿ ಚಿಗವ್ವನ ಬಸ್ಸು ಬರುವವರೆಗೆ ಸುಮ್ಮನೆ ಸುತ್ತುತ್ತಿದ್ದೆ.

ಆಗ ದೊಡ್ಡಪ್ಪ ಆ ಮಾತು ಶುರು ಮಾಡಿದ. ಮೊದಲು ತಮಾಷೆಯ ಹಾಗೆ, ಚಹಾ ಕುಡಿಯುತ್ತ.

“ನಾವೇನ ಸೋತಿದ್ದಿಲ್ಲ ಬಿಡು. ತೊಟ್ಟ ಮುರದ ಸೋಲಿಸಿದ್ರು.”

ನಾಲ್ಕು ದಿನಕ್ಕೆ ಅದು ತಮಾಷೆಯಾಗಿ ಉಳಿಯಲಿಲ್ಲ. ತೊಟ್ಟು ಮುರಿದವರು ಯಾರು? ಗಡಿಗೆ ಹೊತ್ತು ತಂದವರು ಯಾರು? ಸುರಿದವರು ಯಾರು? ಖಾಲಿ ಹಗೇವು ಯಾಕೆ ಎಂದವರು ಯಾರು? ಅತ್ತೆಯ ಮೇಲಿನ ಕೋಪ ಕೊತ್ತಿಯ ಮೇಲೆ ಎನ್ನುತ್ತಾರಲ್ಲ, ಹಾಗೆ ಕೋರ್ಟಿನ ಮೇಲಿನ ಸಿಟ್ಟು, ಗೋಡೆಯ ಮೇಲಿನ ಸಿಟ್ಟು, ಮಳೆಯ ಮೇಲಿನ ಸಿಟ್ಟು ಎಲ್ಲ ತಿರುಗಿ ಚಿಗವ್ವನ ಕಡೆಗೆ ಬಂತು. ಅಂಗಡಿಗೆ ಬಂದ ರೈತರಿಗೂ ದೊಡ್ಡಪ್ಪ ಹೇಳಿದ. ಓಣಿಯ ಹೆಂಗಸರು ಅವಳನ್ನು ಕಂಡು “ತೊಟ್ಟ ಮುರದಾಕಿ ಬಂದ್ಲು” ಎನ್ನತೊಡಗಿದರು. ಮೊದಮೊದಲು ಅಪ್ಪ, “ಆಕಿದೇನ ತಪ್ಪು, ಒಣಗಿದ ಕಾಯಿ” ಎನ್ನುತ್ತಿದ್ದ. ಆಮೇಲೆ ಸಹಿ ಮಾಡಿದವನು ನೀನೇ ಅಲ್ಲವೇ ಎಂದು ದೊಡ್ಡಪ್ಪ ಅವನ ಮೇಲೂ ತಿರುಗಿಬಿದ್ದಾಗ ಸುಮ್ಮನಾದ. ಮಾತಾಡಬೇಕಾಗಿದ್ದವನು ಅಜ್ಜ. ವಕೀಲರು ಹೇಳಿದ್ದನ್ನು ಅವನು ಒಂದು ಸಲ ಬಾಯಿಬಿಟ್ಟಿದ್ದರೆ ಸಾಕಿತ್ತು, ಎಲ್ಲ ಅಲ್ಲಿಗೇ ನಿಲ್ಲುತ್ತಿತ್ತು. ಅವನು ಗೋಡೆಯ ಕಡೆ ಮುಖ ಮಾಡಿ ಮಲಗಿ, “ನಾ ಇದ್ದಾಗ ಒಂದ ಗೇಣ ಬಿಟ್ಟಿದ್ದಿಲ್ಲ” ಎಂದಷ್ಟೇ ಹೇಳುತ್ತಿದ್ದ. ಅಜ್ಜನನ್ನು ನಾನು ಪ್ರೀತಿಸುತ್ತಿದ್ದೆ. ಆ ಮೌನಕ್ಕಾಗಿ ಅವನನ್ನು ಇನ್ನೂ ಕ್ಷಮಿಸಿಲ್ಲ.

ಇಷ್ಟಾದರೂ ಚಿಗವ್ವ ಬಸ್ಸು ಹತ್ತುವುದನ್ನು ಬಿಟ್ಟಿರಲಿಲ್ಲ. ಶಾಲೆಯ ಮಾತು ಮಾತ್ರ ಮನೆಯಲ್ಲಿ ಆಡುತ್ತಿರಲಿಲ್ಲ. ಬಸ್ಸಿನಿಂದ ಇಳಿದು ನನ್ನ ಕೈ ಹಿಡಿದು ನಡೆಯುವಾಗ ಓಣಿಯ ತಿರುವಿನವರೆಗೆ ಹೇಳಿ, ತಿರುವಿಗೆ ಬಂದೊಡನೆ ಸುಮ್ಮನಾಗುತ್ತಿದ್ದಳು. ಕಾಕಾ ರಜೆಗೆ ಬಂದ ಒಂದು ದಿನ ದೊಡ್ಡಪ್ಪ ಎಲ್ಲರನ್ನೂ ಕೂಡಿಸಿದ. ಈ ಸಲ ಅವನು ಗುಡುಗಲಿಲ್ಲ. ದಣಿದವನ ಹಾಗೆ ಮಾತಾಡಿದ.

“ಮನಿ ನೆಟ್ಟಗ ಆಗೂತನಕ ಎಲ್ಲಾ ನನ್ನ ಕೈಯಾಗ ಬಿಡ್ರಿ. ಯಾರ ಏನ ಮಾಡಬೇಕು, ಯಾರ ಎಲ್ಲಿ ಹೋಗಬೇಕು, ನಾ ಹೇಳತೇನಿ. ಒತ್ತಾಯಿಲ್ಲ. ಓಟ ಹಾಕಿ ಹೇಳ್ರಿ. ಆದ್ರ ಈ ಸಲ ಒಂದ ತೊಟ್ಟೂ ಮುರೀಬಾರದು ನೋಡ್ರಿ.”

ಹಾಗೆಂದರೇನು ಎಂದು ಯಾರಿಗೆ ತಿಳಿಯಲಿಲ್ಲ? ತೊಟ್ಟಿದ್ದರೆ ಹೌದು. ಗಡಿಗೆಯನ್ನು ಈಗ ಅಡುಗೆಮನೆಯಲ್ಲಿ ಇಡಲಿಲ್ಲ; ಪಡಸಾಲೆಯ ನಡುವೆ ಇಟ್ಟರು, ತೊಟ್ಟು ಮುರಿಯದಂತೆ ಕಾಳಜಿ ಎಂದು. ‘ಬ್ಯಾಡ’ ಎನ್ನುವವರು ನಡುಮನೆಯಿಂದಲೇ ಮುರಿದುಕೊಂಡು ಮುಷ್ಟಿಯಲ್ಲಿ ಮುಚ್ಚಿ ತರಬಹುದಿತ್ತು, ಅದಕ್ಕೇನೂ ಅಡ್ಡಿಯಿರಲಿಲ್ಲ. ಒಬ್ಬೊಬ್ಬರೇ ಬಂದು, ಕಾಯಿಯನ್ನು ಮೇಲಿನಿಂದ ಬಿಡದೆ, ಮೊಳಕೈವರೆಗೆ ಕೈಯಿಳಿಸಿ ಮೆಲ್ಲಗೆ ತಳಕ್ಕೆ ಇಟ್ಟರು. ಕೂಸನ್ನು ಮಲಗಿಸುವ ಹಾಗೆ ಇಡುತ್ತಿದ್ದರು. ಅವ್ವ ಇಟ್ಟಳು. ಚಿಗವ್ವ ಕೊನೆಗೆ ಬಂದಳು. ಆವತ್ತೂ ನೀಲಿ ಅಂಚಿನ ಸೀರೆಯನ್ನೇ ಉಟ್ಟಿದ್ದಳು. ದೊಡ್ಡಪ್ಪ ತಾನೇ ಗಡಿಗೆ ಸುರಿದ. ಏಳೂ ಕಾಯಿಗೆ ತೊಟ್ಟಿತ್ತು. ಒಂದೂ ಮುರಿದಿರಲಿಲ್ಲ. ಅಜ್ಜ ಎರಡು ಸಲ ಕೆಮ್ಮಿದ. ದೊಡ್ಡವ್ವ ಚಹಾ ಇಡಲು ಹೋದಳು.

ದೊಡ್ಡಪ್ಪನ ಮೊದಲ ಅಪ್ಪಣೆ, ಸೋಮವಾರದಿಂದ ಚಿಗವ್ವ ಮೋಟೆಬೆನ್ನೂರಿಗೆ ಹೋಗುವುದು ಬೇಡ. ಎರಡನೆಯದು ಏನಿತ್ತೋ ನೆನಪಿಲ್ಲ. ಅವ್ವ ಮತ್ತೆ ಬಾಗಿಲ ಹಿಂದಕ್ಕೆ ಸರಿದಳು, ಯಾರೂ ಹೇಳದೆಯೇ. ಮನೆ ನೆಟ್ಟಗಾಯಿತು ಎಂದು ಓಣಿಯವರು ಹೊಗಳಿದರು; ಪಾತ್ರೆಯ ಸದ್ದು ಬಿಟ್ಟರೆ ಸದ್ದೇ ಇರಲಿಲ್ಲ. ನಾನು ಕೆಲವು ದಿನ ಹಳೆಯ ರೂಢಿಗೆ ಬಸ್ ಸ್ಟ್ಯಾಂಡಿಗೆ ಹೋದೆ. ಬಸ್ಸು ಬರುತ್ತಿತ್ತು, ಬೇರೆಯವರು ಇಳಿಯುತ್ತಿದ್ದರು. ಮುಂದೆ ಮನೆ ಪಾಲಾಯಿತು, ಕಾಕಾ ಚಿಗವ್ವನನ್ನು ಕುಮಾರಪಟ್ಟಣಕ್ಕೆ ಕರೆದುಕೊಂಡು ಹೋದ. ಅಲ್ಲಿ ಶಾಲೆಗಳಿದ್ದವು, ಯಾರೂ ತಡೆಯುವವರಿರಲಿಲ್ಲ. ಆದರೂ ಅವಳು ಮತ್ತೆ ಕಲಿಸಲು ಹೋಗಲಿಲ್ಲ. ಕೇಳಿದರೆ “ರೂಢಿ ತಪ್ಪೇತಿ” ಎನ್ನುತ್ತಿದ್ದಳು.

ನನಗೆ ಕಾಲೇಜಿನಲ್ಲಿ ಕೆಲಸ ಸಿಕ್ಕ ಹೊಸತರಲ್ಲಿ, ಒಂದು ರವಿವಾರ ಮಧ್ಯಾಹ್ನ ಅವ್ವನೂ ಚಿಗವ್ವನೂ ರಾಣೆಬೆನ್ನೂರಿನ ನನ್ನ ಬಾಡಿಗೆ ಮನೆಗೆ ಬಂದಿದ್ದರು. ಊಟವಾಗಿ, ಇಬ್ಬರೂ ಗೋಡೆಗೆ ಒರಗಿ ಶೇಂಗಾ ಸುಲಿಯುತ್ತಿದ್ದರು. ಆ ವಾರವೇ ಹುಡುಗನೊಬ್ಬ ಹುಚ್ಚರಿದ್ರೇನ್ರಿ ಎಂದು ಕೇಳಿದ್ದ. ನನಗೆ ತಡೆಯಲಾಗಲಿಲ್ಲ.

“ಚಿಗವ್ವಾ, ಕಡೀ ಓಟಿನಾಗ ನೀನೂ ಹೌದು ಅಂತನ ಹಾಕಿದ್ಯಲ್ಲ. ಸಾಲಿ ಹೋಗತೈತಿ ಅಂತ ಗೊತ್ತಿತ್ತು. ಯಾಕ ಹಾಕಿದಿ?”

ಅವಳು ಕೈಯ ಕೆಲಸ ನಿಲ್ಲಿಸಲಿಲ್ಲ.

“ಏಳರಾಗ ಒಂದಕ್ಕ ತೊಟ್ಟಿಲ್ಲ ಅಂದ್ರ, ಅದು ಯಾರದು ಅಂತ ಕೇಳೂ ಜರೂರೇ ಇದ್ದಿದ್ದಿಲ್ಲವಾ. ಮನಿ ಮುರದಾಕೀನೂ ನಾನ ಆಗತಿದ್ದೆ. ಸಾಕಾಗಿತ್ತು ನನಗ.”

ಅವ್ವನ ಮಡಿಲಿನಿಂದ ಶೇಂಗಾ ಸಿಪ್ಪೆ ಜಾರಿ ನೆಲಕ್ಕೆ ಬಿತ್ತು. ಒಂದು ಕಾಲಕ್ಕೆ ಒಂದೇ ಒಲೆಯ ಮುಂದೆ ಕೂತಿದ್ದವರು ಇಷ್ಟು ವರ್ಷ ಈ ಮಾತನ್ನು ತೆಗೆದೇ ಇರಲಿಲ್ಲ ಎಂಬುದು ನನಗೆ ಆಗ ತಿಳಿಯಿತು.

“ನೀ ಬ್ಯಾಡ ಅಂತ ಹಾಕೇ ಹಾಕತೀ ಅಂತ ತಿಳಕೊಂಡಿದ್ದೆ ನಾನು,” ಎಂದಳು ಅವ್ವ. “ಹೆಂಗಿದ್ರೂ ನಿಂದೊಂದು ಇರತೈತಿ, ನಂದ್ಯಾಕ ಅಂತ ಬಿಟ್ಟೆ.”

ಚಿಗವ್ವ ತಲೆಯೆತ್ತಿ ಅವ್ವನನ್ನು ನೋಡಿದಳು. ಸಿಟ್ಟು ಮಾಡುತ್ತಾಳೆ ಎಂದುಕೊಂಡೆ. ಮಾಡಲಿಲ್ಲ.

“ಯಕ್ಕಾ, ನಿಂದೂ ನಂದೂ ಎರಡ ಇದ್ದಿದ್ರ, ಯಾವುದು ಯಾರದು ಅಂತ ಹೇಳಾಕ ಯಾರ ಕೈಲೂ ಆಗತಿದ್ದಿಲ್ಲ ನೋಡು.”